ನಮ್ಮ ತಂಡಕ್ಕೆ ಇನ್ನು ಬೇಸ್ ಗಿಟಾರ್ ಬೇಡವಂತೆ: ಜಗಳವಾಡಲೋ, ಸುಮ್ಮನೆ ಇಳಿಯಲೋ?

ಕೋಡಿಬಾಗದವ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಹವ್ಯಾಸಿ ತಂಡದಲ್ಲಿ 11 ವರ್ಷಗಳಿಂದ ಬೇಸ್ ಗಿಟಾರ್, ಅಂದರೆ ಹಾಡಿನ ತಳದ ಕೆಳಸ್ವರಗಳನ್ನು ನುಡಿಸುವ ದಪ್ಪ ತಂತಿಯ ಗಿಟಾರ್, ನುಡಿಸುತ್ತ ಬಂದಿದ್ದೇನೆ. ನಮ್ಮದು ಸ್ವಂತ ಹಾಡು ಕಟ್ಟುವ ತಂಡವಲ್ಲ. ಹಳೆಯ ಕನ್ನಡ ಮತ್ತು ಹಿಂದಿ ಚಿತ್ರಗೀತೆಗಳು, ಸಭಿಕರು ಕೇಳಿದರೆ ನಾಲ್ಕೈದು ಕೊಂಕಣಿ ಹಾಡುಗಳು, ಇಷ್ಟೇ ನಮ್ಮ ಬಂಡವಾಳ. ಗಣೇಶೋತ್ಸವದ ಚಪ್ಪರ, ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಜಾತ್ರೆಯ ರಸಮಂಜರಿ, ಎಲ್ಲಿ ಕರೆದರೆ ಅಲ್ಲಿಗೆ ಹೋಗುತ್ತೇವೆ. ಹಗಲಿನಲ್ಲಿ ನಾನು ಔಷಧಿ ಅಂಗಡಿ ನೋಡಿಕೊಳ್ಳುವವನು. ತಾಲೀಮು ನಡೆಯುವುದು ನದಿಯಾಚೆ ಸದಾಶಿವಗಡದಲ್ಲಿ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದ ವಾರವೊಂದನ್ನು ಬಿಟ್ಟರೆ ಒಂದು ತಾಲೀಮನ್ನೂ ತಪ್ಪಿಸಿದ ನೆನಪಿಲ್ಲ.

ಕಳೆದ ಭಾನುವಾರ ತಾಲೀಮು ಮುಗಿಸಿ ಚಹಾ ಕುಡಿಯುತ್ತಿದ್ದಾಗ ಕೀಬೋರ್ಡ್ ನುಡಿಸುವ ಗೆಳೆಯ ಮಾತು ತೆಗೆದ. ಬಹಳ ದಿನಗಳಿಂದ ಯೋಚಿಸಿಟ್ಟುಕೊಂಡಿದ್ದನೆಂದು ಕಾಣುತ್ತದೆ. ಬೇಸ್ ಹೇಗೂ ತನ್ನ ಎಡಗೈಯಲ್ಲಿ ಬರುತ್ತದೆ, ಕಷ್ಟದ ಹಾಡುಗಳಿಗೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತದ ಟ್ರ್ಯಾಕ್ ಹಾಕಿದರಾಯಿತು, ವ್ಯಾನಿನಲ್ಲಿ ಒಂದು ಸೀಟೂ ಉಳಿಯುತ್ತದೆ, ಒಬ್ಬರ ಪಾಲೂ ಉಳಿಯುತ್ತದೆ ಎಂದ. ಹಿಂದಿನ ಕಾರ್ಯಕ್ರಮದ ವಿಡಿಯೋವನ್ನು ಮೊಬೈಲಿನಲ್ಲಿ ಹಾಕಿ, ‘ಇದರಲ್ಲಿ ಬೇಸ್ ಎಲ್ಲಿದೆ, ನೀನೇ ಹೇಳು’ ಎಂದೂ ಕೇಳಿದ. ನಾನು ಕೆಟ್ಟದಾಗಿ ನುಡಿಸುತ್ತೇನೆ ಎಂದು ಅವನು ಹೇಳಲಿಲ್ಲ, ಹೇಳಿದ್ದರೆ ಜಗಳವಾಡಬಹುದಿತ್ತು. ಉಳಿದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡುತ್ತ ಕುಳಿತಿದ್ದರು.

ಇಲ್ಲಿ ಬೇಸ್ ನುಡಿಸುವವರೂ ಇದ್ದೀರಿ, ಕೀಬೋರ್ಡಿನವರೂ ಸೌಂಡಿನವರೂ ಇದ್ದೀರಿ. ಮುಚ್ಚುಮರೆಯಿಲ್ಲದೆ ಹೇಳಿ: ನಮ್ಮಂಥ ಊರಿನ ಕಾರ್ಯಕ್ರಮದಲ್ಲಿ ಬೇಸ್ ಗಿಟಾರ್ ಇಲ್ಲದಿದ್ದರೆ ಯಾರಿಗಾದರೂ ತಿಳಿಯುತ್ತದೆಯೇ?

ಬಿಣಗಾ ಬೀಟ್ಸ್

ಎಡಗೈಯ ಕೆಲಸವನ್ನು ಟ್ರ್ಯಾಕಿಗೆ ಒಪ್ಪಿಸಬಹುದಾದರೆ ಬಲಗೈಯದನ್ನೂ ಒಪ್ಪಿಸಿ, ಅವರೂ ಮನೆಯಲ್ಲಿಯೇ ಮಲಗಬಹುದಲ್ಲ! ಇನ್ನೊಂದು ಸೀಟು ಉಳಿಯುತ್ತದೆ.

ಹುಲೇಕಲ್ ಭಾವ, ಶಿರಸಿ

ಕೀಬೋರ್ಡಿನ ಮಾತು ಬಂದದ್ದರಿಂದ ನನ್ನ ಸಂಕಟವನ್ನೂ ತೋಡಿಕೊಳ್ಳುತ್ತೇನೆ. ಆ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಪೋಸ್ ಎಂಬ ಒಂದು ಗುಂಡಿಯಿದೆ, ಒಂದು ಸಲ ಒತ್ತಿದರೆ ಶ್ರುತಿ ಅರ್ಧ ಸ್ವರ ಸರಿಯುತ್ತದೆ. ಗಾಯಕರು ವೇದಿಕೆ ಹತ್ತಿದ ಮೇಲೆ ‘ಇವತ್ತು ಗಂಟಲು ಚೆನ್ನಾಗಿದೆ, ಸ್ವಲ್ಪ ಶ್ರುತಿ ಏರಿಸಿ’ ಎನ್ನುತ್ತಾರೆ. ಕೀಬೋರ್ಡಿನವರು ಆ ಗುಂಡಿಯನ್ನು ಎರಡು ಸಲ ಒತ್ತಿ, ಬೆರಳುಗಳನ್ನು ಮೊದಲಿದ್ದ ಮನೆಗಳಲ್ಲಿಯೇ ಇಟ್ಟುಕೊಂಡು, ನನ್ನ ಕಡೆ ತಿರುಗಿ ‘ಸಿ’ ಎನ್ನುತ್ತಾರೆ. ಅವರ ಬೆರಳು ಇರುವುದು ಸಿ ಮೇಲೆ, ಹೊರಗೆ ಬರುತ್ತಿರುವುದು ಡಿ. ನಾನು ನಂಬಿ ಸಿ ಹಿಡಿದರೆ ಚಪ್ಪರದ ಕೊನೆಯ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಿರುವವನೂ ತಲೆಯೆತ್ತಿ ನನ್ನನ್ನೇ ನೋಡುತ್ತಾನೆ. ಬೇಸ್ ಯಾರಿಗೂ ಕೇಳಿಸುವುದಿಲ್ಲ ಎನ್ನುವವರು ಆ ಗಳಿಗೆಯಲ್ಲಿ ಅಲ್ಲಿರಬೇಕಿತ್ತು.

ಏರಿಸುವುದಾದರೂ ಸಹಿಸಬಹುದು, ಇಳಿಸುವುದು ಇನ್ನೂ ಕಷ್ಟ. ನಾಲ್ಕು ತಂತಿಯ ಬೇಸಿನಲ್ಲಿ ಇ ಸ್ವರಕ್ಕಿಂತ ಕೆಳಗೆ ನೆಲವೇ ಇಲ್ಲ. ಇ ಶ್ರುತಿಯ ಹಾಡನ್ನು ಗಾಯಕಿ ‘ಅರ್ಧ ಇಳಿಸಿ’ ಎಂದರೆ ಕೀಬೋರ್ಡಿಗೆ ಒಂದು ಗುಂಡಿಯ ಕೆಲಸ. ನಾನು ಬಿಟ್ಟ ತಂತಿಯ ಇಯನ್ನು ಕೈಬಿಟ್ಟು, ಎ ತಂತಿಯ ಆರನೆಯ ಮನೆಗೆ ಹತ್ತಿ, ಹಾಡಿನುದ್ದಕ್ಕೂ ಅಲ್ಲಿಯೇ ಹೊಸ ದಾರಿ ಹುಡುಕಬೇಕು. ಕೆಳಗಿನ ಘನವೇ ಹೋಗಿ ಹಾಡು ತೆಳ್ಳಗಾಗುತ್ತದೆ. ಕೊನೆಗೆ ಬೇಸತ್ತು ಐದು ತಂತಿಯದನ್ನು ಹಳೆಯದೇ ನೋಡಿ ಕೊಂಡೆ. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಎರಡು ಜಾತ್ರೆಗಳ ನಡುವಿನ ಉಳಿತಾಯ ಅದಕ್ಕೇ ಹೋಯಿತು.

ಕಪ್ಪು-ಬಿಳಿ, ಅಂಕೋಲಾ

ನಾನು ಕೀಬೋರ್ಡಿನವನು, ಬೈಯಿಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದೇನೆ. ಟ್ರಾನ್ಸ್‌ಪೋಸ್ ವಿಷಯದಲ್ಲಿ ತಪ್ಪು ನಮ್ಮದೇ, ಒಪ್ಪಿದೆ. ಆದರೆ ಉಳಿದದ್ದನ್ನೂ ನ್ಯಾಯವಾಗಿ ನೋಡೋಣ. ಆಯೋಜಕರು ಇಡೀ ತಂಡಕ್ಕೆಂದು ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ವ್ಯಾನಿನ ಬಾಡಿಗೆ ಮತ್ತು ರಾತ್ರಿಯ ಊಟ ಕಳೆದು ಉಳಿದದ್ದನ್ನು ಏಳು ಜನ ಹಂಚಿಕೊಳ್ಳಬೇಕು. ಹೋದ ಮೇ ತಿಂಗಳಲ್ಲಿ ನನ್ನ ಪಾಲಿಗೆ ಬಂದದ್ದು 600 ರೂಪಾಯಿ. ಏಳು ಜನರಲ್ಲಿ ಒಬ್ಬರನ್ನು ಬಿಡಬೇಕೆಂದರೆ ಗಾಯಕರನ್ನು ಬಿಡುವಂತಿಲ್ಲ, ತಾಳದವರನ್ನು ಬಿಡುವಂತಿಲ್ಲ. ಮತ್ತೆ ಉಳಿಯುವವರು ಯಾರು, ನೀವೇ ಹೇಳಿ.

ಇನ್ನೊಂದು ಮಾತು. ನಮ್ಮ ಕಡೆಯ ಬೇಸ್ ವಾದಕರಲ್ಲಿ ಅರ್ಧದಷ್ಟು ಜನ ಲೀಡ್ ಗಿಟಾರ್ ಸಿಗಲಿಲ್ಲವೆಂದು ಬೇಸ್ ಹಿಡಿದವರು. ಪಲ್ಲವಿಯ ಎರಡು ಸಾಲುಗಳ ನಡುವೆ ಉಸಿರಾಡಲು ಜಾಗ ಸಿಕ್ಕಿತೆಂದರೆ ಅಲ್ಲಿ ಹದಿನಾರು ಸ್ವರ ತುರುಕುತ್ತಾರೆ. ಅಂಥವರಿಗಿಂತ ನನ್ನ ಎಡಗೈಯೇ ಮೇಲು.

ಹುಲೇಕಲ್ ಭಾವ, ಶಿರಸಿ

ಅಂಕೋಲೆಯವರೇ, ಎರಡನೆಯ ಮಾತು ನನಗೇ ಹೇಳಿದಂತಿದೆ. ಮೊದಲ ಮೂರು ವರ್ಷ ನಾನು ಹಾಗೆಯೇ ನುಡಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಎಡಗೈ ಬೇಸಿಗೆ ಹೋದ ಮೇಲೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ತುಂಬುವವರು ಯಾರು? ಬಲಗೈಯಲ್ಲಿ ಕೊಳಲೂ ಬರಬೇಕು, ಪಿಟೀಲೂ ಬರಬೇಕು, ನಡುನಡುವೆ ಟೋನ್ ಬದಲಿಸುವ ಗುಂಡಿಯನ್ನೂ ಒತ್ತಬೇಕು.

ಕಪ್ಪು-ಬಿಳಿ, ಅಂಕೋಲಾ

ಅದಕ್ಕೇ ಟ್ರ್ಯಾಕ್ ಹಾಕುವುದು ಮಾರಾಯರೇ.

ಸೌಂಡ್ ಪೆಟ್ಟಿಗೆ, ಕುಮಟಾ

ಮೊಬೈಲ್ ವಿಡಿಯೋ ನೋಡಿ ಬೇಸ್ ಇಲ್ಲವೆಂದು ತೀರ್ಮಾನಿಸಿದ್ದನ್ನು ಓದಿ ನಗು ಬಂತು. ಬೇಸಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅದರ ಮೇಲಿನ ಎ ತಂತಿ 55 ಸಲ. ಉಗುರಿನಷ್ಟು ಅಗಲದ ಮೊಬೈಲ್ ಸ್ಪೀಕರಿಗೆ ಆ ಸ್ವರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹೆಚ್ಚೆಂದರೆ ಅದರ ಮೇಲಿನ ಅನುಸ್ವರಗಳು ಮಸುಕಾಗಿ ಕೇಳಿಸಬಹುದು. ಕೋಡಿಬಾಗದವರೇ, ನಿಮ್ಮ ಗೆಳೆಯನಿಗೆ ಅದೇ ವಿಡಿಯೋವನ್ನು ಒಂದು ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿಸಿ, ಆಮೇಲೆ ಮಾತಾಡಿ.

ಹಾಗೆಂದು ಸ್ಥಳದಲ್ಲಿ ಕೇಳಿಸಿಯೇ ತೀರುತ್ತದೆ ಎಂದೂ ನಾನು ಹೇಳಲಾರೆ. ಆ 41ರ ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು. ಸಭಾಭವನದಲ್ಲಿ ಅದು ಗೋಡೆಗೆ ಬಡಿದು ಮರಳಿ ಬಂದು ಒಂದು ಮೂಲೆಯಲ್ಲಿ ಗುಂಯ್ ಎನ್ನುತ್ತದೆ, ನಾಲ್ಕು ಹೆಜ್ಜೆ ಈಚೆಗೆ ಬಂದರೆ ಮಾಯವಾಗುತ್ತದೆ. ಕಾರವಾರದ ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಂಥ ಬಯಲಿನಲ್ಲಿ ಗೋಡೆಯೇ ಇಲ್ಲ, ಎದುರಿಗೆ ಅರಬ್ಬಿ ಸಮುದ್ರ. ಅಲ್ಲಿ ಕೆಳಸ್ವರ ಜನರಿಗೆ ಮುಟ್ಟಬೇಕಾದರೆ ಸಬ್‌ವೂಫರ್ ಬೇಕು, ಅದನ್ನು ತಳ್ಳುವ ಆಂಪ್ಲಿಫೈಯರ್ ಬೇಕು. ಆಯೋಜಕರು ಕೊಡುವ ದುಡ್ಡಿಗೆ ನಾನು ತರುವುದು ಎರಡು ಸಾಧಾರಣ ಪೆಟ್ಟಿಗೆ ಮತ್ತು ಕಂಬಕ್ಕೆ ಕಟ್ಟುವ ಹಾರ್ನ್. ಹಾರ್ನಿನಲ್ಲಿ ಭಾಷಣ ಚೆನ್ನಾಗಿ ಕೇಳಿಸುತ್ತದೆ. ಬೇಸ್ ಸತ್ತರೂ ಬರುವುದಿಲ್ಲ.

ದಯವಿಟ್ಟು ಒಂದು ಉಪಕಾರ ಮಾಡಿ. ಬೇಸ್ ಗಿಟಾರನ್ನು ಸಾದಾ ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ ಜೋರಾಗಿ ಬಾರಿಸಿ ಸ್ಪೀಕರಿನ ಕಾಗದ ಹರಿಯಬೇಡಿ. ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ತನ್ನಿ, ನೇರವಾಗಿ ಮಿಕ್ಸರಿಗೆ ಕೊಡಿ. ಆ ಪೆಟ್ಟಿಗೆಯ ಮೇಲಿರುವ, ಕೇಬಲಿನ ಗ್ರೌಂಡ್ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿಯೊಂದರಿಂದಲೇ ಎಷ್ಟೋ ರಾತ್ರಿಗಳ ಗುಂಯ್‌ಗುಡುವಿಕೆ ನಿಂತಿದೆ. ಜನರೇಟರಿನ ಅರ್ಥಿಂಗ್ ಸರಿಯಿಲ್ಲದಿದ್ದರೆ ಮಾತ್ರ ಯಾವ ಗುಂಡಿಯನ್ನೂ ನಂಬಬೇಡಿ. ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಗಿಟಾರಿನವರೊಬ್ಬರು ಹಿಂದಕ್ಕೆ ಹಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಧಾರೇಶ್ವರದ ಗಾಳಿ

ನಾನು ಬರಿಯ ಕೇಳುಗ. ನೀವು ಹೇಳುವ ಬೇಸ್ ನನಗೆ ಎಂದೂ ಕೇಳಿಸಿಲ್ಲ, ಕ್ಷಮಿಸಿ. ನನ್ನ ದೂರು ಬೇರೆಯದು. 7 ಗಂಟೆಯ ರಸಮಂಜರಿ ಎಂದು ಕರಪತ್ರದಲ್ಲಿ ಹಾಕುತ್ತೀರಿ, 9 ಗಂಟೆಯವರೆಗೆ ಸನ್ಮಾನ, ಆಮೇಲೆ ನೀವು ‘ಹಲೋ, ಚೆಕ್, ಚೆಕ್’ ಎನ್ನುತ್ತ ಇಪ್ಪತ್ತು ನಿಮಿಷ ಕಳೆಯುತ್ತೀರಿ. 10 ಗಂಟೆಗೆ ಪೊಲೀಸರು ಬಂದು ನಿಲ್ಲುತ್ತಾರೆ.

ಬಿಣಗಾ ಬೀಟ್ಸ್

ಹಬ್ಬದ ದಿನ 12ರವರೆಗೆ ಅವಕಾಶವಿದೆಯಲ್ಲವೇ?

ಸೌಂಡ್ ಪೆಟ್ಟಿಗೆ, ಕುಮಟಾ

ಎಲ್ಲ ಹಬ್ಬಕ್ಕೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ, ಅದೂ ತಾನು ಗುರುತಿಸಿದ ಉತ್ಸವಗಳಿಗೆ, ನಡುರಾತ್ರಿಯವರೆಗೆ ಸಡಿಲಿಸಬಹುದು. ನಿಮ್ಮ ವಾರ್ಡಿನ ವಾರ್ಷಿಕೋತ್ಸವ ಅದರಲ್ಲಿ ಬರುವುದಿಲ್ಲ.

ಅವರ್ಸಾದವಳು

ನಾನೂ ಬೇಸ್ ನುಡಿಸುತ್ತೇನೆ. ಹೆಂಗಸಿನ ಕೈಯಲ್ಲಿ ಬೇಸ್ ಕಂಡರೆ ನಿರೂಪಕರಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ‘ಗಿಟಾರಿನಲ್ಲಿ ನಮ್ಮ ಸಹೋದರಿ’ ಎಂದು ಪರಿಚಯಿಸಿ, ಪಕ್ಕದ ಲೀಡ್ ಗಿಟಾರಿನವರ ಕಡೆ ಕೈತೋರಿಸಿ ಚಪ್ಪಾಳೆ ಹೊಡೆಸಿದ್ದೂ ಉಂಟು. ಇಳಿದು ಬಂದ ಮೇಲೆ ಒಬ್ಬ ಅಜ್ಜಿ ಮಾತ್ರ ನನ್ನ ಕೈ ಹಿಡಿದು ಬೆರಳಿನ ತುದಿಯ ಗಂಟನ್ನು ಮುಟ್ಟಿ ನೋಡಿ, ‘ಬಾವಿ ಹಗ್ಗ ಎಳೆದ ಕೈಯಂತೆ ಆಗಿದೆಯಲ್ಲೇ’ ಎಂದರು. ಅಂಥ ಮಾತನ್ನು ನನಗೆ ಬೇರೆ ಯಾರೂ ಹೇಳಿಲ್ಲ.

ಕೋಡಿಬಾಗದ ಅಣ್ಣ ಕೇಳಿದ ಪ್ರಶ್ನೆಗೆ ನನ್ನದೇ ಒಂದು ಅವಾಂತರ ಉತ್ತರವಾಗಬಹುದು. ನನ್ನದು ಒಳಗೆ 9 ವೋಲ್ಟಿನ ಬ್ಯಾಟರಿಯಿರುವ ಬೇಸ್. ಅದಕ್ಕೆ ಬೇರೆ ಸ್ವಿಚ್ ಇಲ್ಲ, ಕೇಬಲನ್ನು ಜ್ಯಾಕಿಗೆ ಸಿಕ್ಕಿಸಿದರೆ ಅದೇ ಸ್ವಿಚ್. ಒಂದು ರಾತ್ರಿ ಕೇಬಲ್ ಕೀಳದೆ ಹಾಗೆಯೇ ಗೋಡೆಗೆ ಒರಗಿಸಿ ಮಲಗಿದೆ, ಮೂರು ದಿನ ಅದು ಹಾಗೆಯೇ ಇತ್ತು. ನಾಲ್ಕನೆಯ ದಿನದ ಆರತಕ್ಷತೆಯಲ್ಲಿ ಎರಡನೆಯ ಹಾಡಿಗೆ ಸ್ವರ ಕರಕರ ಎಂದು ಒಡೆಯತೊಡಗಿತು, ಮೂರನೆಯದರ ನಡುವೆ ಸದ್ದೇ ನಿಂತಿತು. ಸುಮ್ಮನೆ ಬೆರಳಾಡಿಸುತ್ತ ನಗುತ್ತ ನಿಂತೆ. ಮದುಮಕ್ಕಳು ನೋಡಲಿಲ್ಲ, ಸಭಿಕರೂ ನೋಡಲಿಲ್ಲ. ಡ್ರಮ್ಮಿನವನು ಮಾತ್ರ ಮೊದಲ ನಾಲ್ಕು ಆವರ್ತದಲ್ಲಿಯೇ ತಲೆಯೆತ್ತಿ ನನ್ನತ್ತ ನೋಡಿದ. ಹಾಡು ಮುಗಿಯುವಷ್ಟರಲ್ಲಿ ಅವನು ಓಡತೊಡಗಿದ್ದ, ಗಾಯಕ ಏದುಸಿರು ಬಿಡುತ್ತಿದ್ದ. ಗಿಫ್ಟ್ ಕೊಡುವ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬನ ಆಟಿಕೆ ಮೈಕಿನಿಂದ ಬ್ಯಾಟರಿ ಕಿತ್ತುಕೊಳ್ಳಲು ನೋಡಿದೆ, ಅದರಲ್ಲಿದ್ದದ್ದು ಪೆನ್ಸಿಲ್ ಸೆಲ್.

ಬೈತಖೋಲದ ಉಪ್ಪು, ಕಾರವಾರ

ಬ್ಯಾಟರಿಯಾದರೂ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಶತ್ರು ತುಕ್ಕು. ಬಂದರಿನ ಪಕ್ಕದ ಮನೆ. ಮಳೆಗಾಲದಲ್ಲಿ ಹೊಸ ತಂತಿ ಹಾಕಿದರೆ ಮೂರು ವಾರಕ್ಕೆ ಬೆರಳು ಕಂದಾಗುತ್ತದೆ. ಬೇಸಿನ ತಂತಿಯ ಬೆಲೆ ಸಾದಾ ಗಿಟಾರಿನಂತಲ್ಲ ಎಂಬುದು ನಿಮಗೆಲ್ಲ ಗೊತ್ತಿದೆ. ಹಳೆಯ ತಂತಿಗಳನ್ನು ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒರೆಸಿ ಒಣಗಿಸಿ ಹಾಕಿದರೆ ಸುರುಳಿಯೊಳಗಿನ ಕೊಳೆ ಬಿಟ್ಟು ಕೆಲವು ದಿನ ಹೊಸದರಂತೆ ನುಡಿಯುತ್ತವೆ. ಕುದಿಸಿದ ಪಾತ್ರೆಯನ್ನು ನನ್ನ ಹೆಂಡತಿ ಮತ್ತೆ ಒಲೆಯ ಮೇಲೆ ಇಡಲಿಲ್ಲ, ಈಗ ಅದರಲ್ಲಿ ತುಳಸಿ ಬೆಳೆಯುತ್ತಿದೆ.

ಬಿಣಗಾ ಬೀಟ್ಸ್

ತಂತಿ ಬದಲಿಸುವುದೇ ಏಕೆ? ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಹರಿಯುವವರೆಗೆ ಬದಲಿಸುತ್ತಿರಲಿಲ್ಲವಂತೆ. ಬಲಗೈಯ ಒಂದೇ ಬೆರಳಿನಲ್ಲಿ ನುಡಿಸಿ ಅಷ್ಟು ದೊಡ್ಡವರಾದರು.

ಬೈತಖೋಲದ ಉಪ್ಪು, ಕಾರವಾರ

ಅವರು ಹಾಕುತ್ತಿದ್ದದ್ದು ಮೇಲ್ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿ, ಅದರಲ್ಲಿ ಕೊಳೆ ಕೂರಲು ಸಂದಿಯೇ ಇರುವುದಿಲ್ಲ. ಮತ್ತೆ ಅವರು ಇದ್ದದ್ದು ಡೆಟ್ರಾಯಿಟಿನಲ್ಲಿ, ಅಲ್ಲಿ ಉಪ್ಪುಗಾಳಿಯಿಲ್ಲ. ಬೈತಖೋಲದಲ್ಲಿ ಒಂದು ಜುಲೈ ಕಳೆದಿದ್ದರೆ ಅವರೂ ಪಾತ್ರೆ ಹುಡುಕುತ್ತಿದ್ದರು. ಅಂದಹಾಗೆ, ಅಷ್ಟು ಹಾಡುಗಳಿಗೆ ನುಡಿಸಿದರೂ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ತಟ್ಟೆಗಳ ಮೇಲೆ ಅವರ ಹೆಸರು ಅಚ್ಚಾದದ್ದು 1971ರಲ್ಲಿ. ಅದಕ್ಕೆ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಸರಿಲ್ಲದೆ ನುಡಿಸಿದರು. ನಮ್ಮ ನಿರೂಪಕರನ್ನು ಬೈದು ಏನು ಪ್ರಯೋಜನ?

ಹುಲೇಕಲ್ ಭಾವ, ಶಿರಸಿ

ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ತೇವವಿದೆ. ಮಳೆಗಾಲದಲ್ಲಿ ಬೇಸಿನ ಕತ್ತು ನೀರು ಹೀರಿ ಮುಂದಕ್ಕೆ ಬಾಗುತ್ತದೆ, ತಂತಿ ಮನೆಗಳಿಂದ ಮೇಲೇಳುತ್ತದೆ, ಒತ್ತಿ ಒತ್ತಿ ಮಣಿಕಟ್ಟು ನೋಯುತ್ತದೆ. ಬುದ್ಧಿವಂತಿಕೆ ಮಾಡಿ ಒಂದು ವರ್ಷ ಅದನ್ನು ಅಡಿಕೆ ಒಣಗಿಸುವ ಡ್ರೈಯರಿನ ಕೋಣೆಯಲ್ಲಿಟ್ಟೆ. ಹದಿನೈದು ದಿನಕ್ಕೆ ಕತ್ತು ಹಿಂದಕ್ಕೆ ಬಾಗಿ, ಎಲ್ಲಿ ಒತ್ತಿದರೂ ತಂತಿ ಝೇಂಕರಿಸತೊಡಗಿತು. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು, ಮತ್ತೆ ಕಾಲು ಸುತ್ತು ಸಡಿಲಿಸಿ ಸರಿಪಡಿಸಿಕೊಳ್ಳಬೇಕಾಯಿತು. ಅಡಿಕೆಯ ವಾಸನೆ ಮಾತ್ರ ಈಗಲೂ ಹೋಗಿಲ್ಲ.

ಧಾರೇಶ್ವರದ ಗಾಳಿ

ಬೇಸ್ ಬೇಕೋ ಬೇಡವೋ ಎಂದು ಶುರುವಾದದ್ದು ತುಳಸಿ ಕಟ್ಟೆಗೂ ಅಡಿಕೆ ಕೋಣೆಗೂ ಬಂದು ನಿಂತಿತು.

ಮಾಜಾಳಿ ಗಡಿ

ವಿಷಯಕ್ಕೆ ಬರೋಣ. ನಮ್ಮದು ಗೋವಾ ಗಡಿಯ ಊರು. ಎರಡೂ ಕಡೆಯ ಮದುವೆಗಳಿಗೆ ನುಡಿಸುತ್ತೇನೆ. ಈಚೆ ಕಡೆಯ ಆರತಕ್ಷತೆಯಲ್ಲಿ ಜನ ಊಟದ ತಟ್ಟೆ ಹಿಡಿದು ಕುಳಿತು ಹಾಡು ಕೇಳುತ್ತಾರೆ. ಅವರಿಗೆ ಬೇಕಾದದ್ದು ಗಾಯಕರ ದನಿ. ಆಚೆ ಕಡೆಯ ಕ್ರೈಸ್ತರ ಮದುವೆಯಲ್ಲಿ ಮದುಮಕ್ಕಳು ಮೊದಲು ವಾಲ್ಟ್ಸ್ ಹೆಜ್ಜೆ ಹಾಕುತ್ತಾರೆ, ಆಮೇಲೆ ಇಡೀ ಸಭಾಂಗಣ ಕುಣಿಯುತ್ತದೆ. ಅಲ್ಲಿ ಬೇಸಿನವನನ್ನು ಬಿಟ್ಟು ಬನ್ನಿ ಎಂದು ನನಗೆ ಯಾರೂ ಹೇಳಿದ್ದಿಲ್ಲ. ಮುಂಬಯಿಯ ಹಿಂದಿ ಚಿತ್ರಸಂಗೀತಕ್ಕೆ ಸೆಬಾಸ್ಟಿಯನ್ ಡಿಸೋಜರಂಥ ಗೋವಾದವರು ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಬರೆದುಕೊಟ್ಟರು. ಅವರು ಹಾಗೆ ಬರೆದಿಟ್ಟ ಹಾಡುಗಳನ್ನೇ ನಾವು ಇಂದು ಕೆಳಗಿನ ಸಾಲು ಕಿತ್ತುಹಾಕಿ ಹಾಡಲು ಹೊರಟಿದ್ದೇವೆ.

ಕರ್ಕಿಯ ಮದ್ದಲೆ, ಹೊನ್ನಾವರ

ನಾನು ಬೇಸ್ ಮುಟ್ಟಿದವನಲ್ಲ, ಯಕ್ಷಗಾನದ ಹಿಮ್ಮೇಳದವನು. ಆದರೂ ಒಂದು ಮಾತು ಹೇಳಬಹುದು ಎನಿಸುತ್ತದೆ. ಚಂಡೆ ಬಿದ್ದರೆ ಊರಿಗೆಲ್ಲ ಕೇಳುತ್ತದೆ. ಮದ್ದಲೆ ಭಾಗವತರ ಜೊತೆಗೆ ಇಡೀ ರಾತ್ರಿ ಇರುತ್ತದೆ. ಅದರ ಕೆಲಸ ಅವರು ಎಲ್ಲಿಗೆ ಹೋದರೂ ಜೊತೆಗೆ ಹೋಗುವುದು. ವೇಷಧಾರಿ ಕುಣಿತ ಬೆಳೆಸಿದರೆ ಭಾಗವತರು ಪದ್ಯದ ಅದೇ ಸಾಲಿಗೆ ಮರಳುತ್ತಾರೆ, ಇದ್ದಕ್ಕಿದ್ದಂತೆ ಮುಗಿಸಿದರೆ ಮುಂದಕ್ಕೆ ಹಾರುತ್ತಾರೆ. ನಾನು ಅವರ ತಾಳದ ಕೈಯನ್ನೂ ಕತ್ತಿನ ನರವನ್ನೂ ನೋಡುತ್ತಿರುತ್ತೇನೆ. ನಿಮ್ಮ ಟ್ರ್ಯಾಕ್ ಯಾರ ಕತ್ತನ್ನು ನೋಡುತ್ತದೆ?

ಕಪ್ಪು-ಬಿಳಿ, ಅಂಕೋಲಾ

ಹೋಲಿಕೆ ಪೂರ್ತಿ ಕೂಡುವುದಿಲ್ಲ, ಮದ್ದಲೆ ತಾಳವಾದ್ಯ. ಆದರೆ ಟ್ರ್ಯಾಕ್ ಕಾಯುವುದಿಲ್ಲ ಎಂಬುದನ್ನು ನಾನು ಅಲ್ಲಗಳೆಯಲಾರೆ. ಹೋದ ಗಣೇಶ ಚೌತಿಯಲ್ಲಿ ನಮ್ಮ ಗಾಯಕಿ ಎರಡನೆಯ ಚರಣಕ್ಕೆ ಮೊದಲಿನ ಬಿಜಿಎಂ, ಅಂದರೆ ಬರಿಯ ವಾದ್ಯಗಳ ಭಾಗ, ಮರೆತು ನಾಲ್ಕು ಆವರ್ತ ಮುಂಚೆಯೇ ಹಾಡಿಗೆ ಇಳಿದರು. ಟ್ರ್ಯಾಕಿನೊಳಗಿನ ಪಿಟೀಲುಗಳು ತಮ್ಮ ಪಾಡಿಗೆ ಹೋಗುತ್ತಲೇ ಇದ್ದವು. ಆಕೆ ಒಂದು ಕಡೆ, ಪಿಟೀಲು ಒಂದು ಕಡೆ. ಕೊನೆಗೆ ನಾನು ಪೆನ್‌ಡ್ರೈವನ್ನೇ ಕಿತ್ತೆ. ಆಮೇಲೆ ಉಳಿದದ್ದು ತಾಳದ ಪ್ಯಾಡ್ ಮತ್ತು ನನ್ನ ಎರಡು ಕೈ. ಬೆವರಿದ್ದು ನೆನಪಿದೆ.

ಅವರ್ಸಾದವಳು

ಹಾಗಾದರೆ ಅಂದು ನಿಮ್ಮ ಏಳನೆಯವರು ಎಲ್ಲಿದ್ದರು?

ಕಪ್ಪು-ಬಿಳಿ, ಅಂಕೋಲಾ

ಅವರನ್ನು ಅದಕ್ಕೂ ಎರಡು ತಿಂಗಳ ಮೊದಲೇ ಬಿಟ್ಟಿದ್ದೆವು. ಇಷ್ಟು ನೇರವಾಗಿ ಕೇಳಬೇಕಿರಲಿಲ್ಲ ತಂಗಿ.

ಕೋಡಿಬಾಗದವ, ಕಾರವಾರ

ಎಲ್ಲರಿಗೂ ವಂದನೆಗಳು. ನಿನ್ನೆ ಅಮದಳ್ಳಿಯ ಕಡೆ ಕಾರ್ಯಕ್ರಮವಿತ್ತು, ಅದರ ವಿಷಯ ಹೇಳಿ ಮುಗಿಸುತ್ತೇನೆ. ಜಗಳವಾಡಲಿಲ್ಲ. ಮೊದಲ ಭಾಗದ ಎಂಟು ಹಾಡುಗಳನ್ನು ನಾನಿಲ್ಲದೆ ನುಡಿಸಿ ನೋಡಿ, ಎರಡನೆಯ ಭಾಗಕ್ಕೆ ಹತ್ತುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ ಎಂದೆ. ಸೌಂಡಿನವರ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತೆ. 11 ವರ್ಷಗಳಲ್ಲಿ ನಮ್ಮ ತಂಡವನ್ನು ಎದುರಿನಿಂದ ನೋಡಿದ್ದು ಅದೇ ಮೊದಲು.

ಮುಚ್ಚಿಡುವುದಿಲ್ಲ, ಟ್ರ್ಯಾಕ್ ಹಾಕಿದ ಎರಡು ಹಾಡುಗಳು ನಾನಿದ್ದಾಗಿನದಕ್ಕಿಂತ ಚೆನ್ನಾಗಿಯೇ ಬಂದವು. ಅವುಗಳಲ್ಲಿ ನಾನು ಹೆಚ್ಚಿಗೆ ನುಡಿಸುತ್ತಿದ್ದೆ ಎಂಬುದು ಅಲ್ಲಿ ಕುಳಿತಾಗ ಹೊಳೆಯಿತು. ಅಂಕೋಲೆಯವರ ಹದಿನಾರು ಸ್ವರದ ಮಾತು ನನಗೂ ತಾಗುತ್ತದೆ. ಉಳಿದ ಆರು ಹಾಡುಗಳಲ್ಲಿ ಏನೋ ಜಾರುತ್ತಿತ್ತು, ಆದರೆ ಸಭಿಕರು ಎಂದಿನಂತೆಯೇ ಚಪ್ಪಾಳೆ ಹೊಡೆದರು. ನಾನು ಹತ್ತದೆ ಇದ್ದದ್ದನ್ನು ಒಬ್ಬರೂ ಕೇಳಲಿಲ್ಲ. ವಿರಾಮದಲ್ಲಿ ಪ್ಯಾಡ್ ನುಡಿಸುವ ಹುಡುಗ ಬಂದು, ‘ಕಾಲಿಗೆ ಏನೂ ಸಿಗುತ್ತಿಲ್ಲ ಅಣ್ಣ, ಬೇಗ ಹತ್ತಿ’ ಎಂದ. ಗಾಯಕಿ ನೀರು ಕುಡಿಯುತ್ತ ಅದನ್ನು ಕೇಳಿಸಿಕೊಂಡು ಹೂಂ ಎಂದರು. ಅಷ್ಟೇ.

ಎರಡನೆಯ ಭಾಗದ ಮೊದಲ ಹಾಡಿಗೆ ಆಕೆ ಶ್ರುತಿ ಏರಿಸಿದರು. ಗೆಳೆಯ ಗುಂಡಿಯನ್ನು ಎರಡು ಸಲ ಒತ್ತಿ, ನನ್ನ ಕಡೆ ತಿರುಗಿ, ಒಂದು ಗಳಿಗೆ ತಡೆದು, ‘ಡಿ’ ಎಂದ.

ಹುಲೇಕಲ್ ಭಾವ, ಶಿರಸಿ

ಡಿ ಎಂದರೇ? ಬಾಯಿಬಿಟ್ಟು?

ಕೋಡಿಬಾಗದವ, ಕಾರವಾರ

ಬಾಯಿಬಿಟ್ಟು. ಮೈಕಿನಲ್ಲಿಯೂ ಕೇಳಿಸಿತು.